ಹದಿನಾಲ್ಕನೇ ಲೂಯಿಯನ್ನು ತಡೆಯುವವರಿದ್ದರೇ?

ಪ್ರಶ್ನೆ: ಫ್ರಾನ್ಸಿನ ಹದಿನಾಲ್ಕನೇ ಲೂಯಿಯಂತಹ ನಿರಂಕುಶ ದೊರೆಗಳು ಅಷ್ಟು ಬಲಿಷ್ಠರಾದದ್ದು ಹೇಗೆ? ಅವರ ಅಧಿಕಾರಕ್ಕೆ ಮಿತಿಯೇ ಇರಲಿಲ್ಲವೇ?

ಉತ್ತರ: ದೀರ್ಘಕಾಲದ ಯುದ್ಧಗಳು ಕಾಯಂ ಸೈನ್ಯವನ್ನೂ, ಸೈನ್ಯವು ಹೆಚ್ಚಿನ ತೆರಿಗೆಯನ್ನೂ, ತೆರಿಗೆಯು ಅದನ್ನು ವಸೂಲು ಮಾಡುವ ಅಧಿಕಾರಿಗಳನ್ನೂ ಬೇಡಿದ್ದರಿಂದ ಅಧಿಕಾರವು ಅರಸನಲ್ಲಿ ಕೇಂದ್ರೀಕೃತವಾಯಿತು. ನ್ಯಾಯಾಧೀಶರೂ ಶ್ರೀಮಂತ ಪ್ರಭುಗಳೂ ಅರಸೊತ್ತಿಗೆಯ ವಿರುದ್ಧ ಎದ್ದ ಫ್ರೋಂಡ್ ದಂಗೆಯನ್ನು (1648–53) ಬಾಲ್ಯದಲ್ಲಿಯೇ ಕಂಡಿದ್ದ ಲೂಯಿ, 1661ರಲ್ಲಿ ಪ್ರಧಾನಮಂತ್ರಿಯನ್ನು ನೇಮಿಸದೆ ಆಡಳಿತವನ್ನು ತಾನೇ ವಹಿಸಿಕೊಂಡು, ಪ್ರಾಂತ್ಯಗಳನ್ನು ಇಂಟೆಂಡೆಂಟ್ ಎಂಬ ಅಧಿಕಾರಿಗಳ ಮೂಲಕ ಹಿಡಿತದಲ್ಲಿಟ್ಟುಕೊಂಡನು.

ಮಿತಿಗಳು ಖಂಡಿತ ಇದ್ದವು. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಮಿತಿಯನ್ನು ದೊರೆಗಳೇ ಸೃಷ್ಟಿಸಿಕೊಂಡಿದ್ದರು. ಹಣದ ಅಗತ್ಯಕ್ಕಾಗಿ ಅವರು ನ್ಯಾಯಾಧೀಶರ ಹುದ್ದೆಗಳನ್ನು ಮಾರುತ್ತಿದ್ದರು. 1604ರ ಬಳಿಕ ವಾರ್ಷಿಕ ಶುಲ್ಕ ತೆತ್ತವರ ಪಾಲಿಗೆ ಅವು ವಂಶಪಾರಂಪರ್ಯವಾಗಿ ಬರುವ ಆಸ್ತಿಯೇ ಆದವು. ಕೊಂಡ ಬೆಲೆಯನ್ನು ಹಿಂದಿರುಗಿಸದೆ ಅವರನ್ನು ಕಿತ್ತುಹಾಕುವುದು ಸುಲಭವಿರಲಿಲ್ಲ. ರಾಜಾಜ್ಞೆಗಳು ಜಾರಿಗೆ ಬರಲು ಅವನ್ನು ನೋಂದಾಯಿಸಬೇಕಿದ್ದ 'ಪಾರ್ಲಮಾಂ' ನ್ಯಾಯಾಲಯಗಳಲ್ಲಿ ಕುಳಿತಿದ್ದವರು ಇವರೇ. ನೋಂದಣಿಗೆ ಮೊದಲೇ ಆಕ್ಷೇಪಿಸುವ ಅವರ ಹಕ್ಕನ್ನು ಲೂಯಿ 1673ರಲ್ಲಿ ಮೊಟಕುಗೊಳಿಸಿದನಾದರೂ, 1715ರಲ್ಲಿ ಅವನು ತೀರಿಕೊಂಡ ಕೂಡಲೇ ಅದು ಮರಳಿ ಬಂದಿತು. ಫ್ರಾನ್ಸಿನದೇ ಆದ ಲಾಂಗ್ಡಾಕ್, ಬ್ರಿಟನಿಯಂತಹ ಪ್ರಾಂತ್ಯಗಳ ಸಭೆಗಳೊಡನೆ ತೆರಿಗೆಯ ವಿಷಯದಲ್ಲಿ ಅವನೂ ಮಾತುಕತೆ ನಡೆಸಬೇಕಾಗುತ್ತಿತ್ತು. ಇಂಗ್ಲೆಂಡಿನಲ್ಲಂತೂ ಸಂಸತ್ತು 1689ರ ಹಕ್ಕುಗಳ ಮಸೂದೆಯ ಮೂಲಕ, ತನ್ನ ಒಪ್ಪಿಗೆಯಿಲ್ಲದೆ ಅರಸನು ತೆರಿಗೆ ವಿಧಿಸುವುದನ್ನು ಕಾನೂನುಬಾಹಿರವೆಂದು ಘೋಷಿಸಿತು.