ಕೈ ಎತ್ತದಿದ್ದರೂ ಅದು ಹಿಂಸೆಯೇ

ನಿಮ್ಮ ಅಕ್ಕನ ಗಂಡ ಒಮ್ಮೆಯೂ ಹೊಡೆದಿಲ್ಲ, ಆದರೆ ಅವರ ಸಂಬಳವನ್ನೆಲ್ಲ ತಾನೇ ಇಟ್ಟುಕೊಂಡು, ಫೋನ್ ಪರೀಕ್ಷಿಸಿ, ಗೆಳತಿಯರನ್ನು ಕಾಣಲು ಬಿಡದಿರುವುದು ಹಿಂಸೆಯೇ ಎಂದು ಕೇಳಿದ್ದೀರಿ. ಖಂಡಿತವಾಗಿಯೂ ಹಿಂಸೆಯೇ. ವಿಶ್ವಸಂಸ್ಥೆಯ ಮಹಾಸಭೆ 1993ರಲ್ಲಿ ಅಂಗೀಕರಿಸಿದ ಘೋಷಣೆಯು ದೈಹಿಕ ಮತ್ತು ಲೈಂಗಿಕ ಹಾನಿಯ ಜೊತೆಗೆ ಮಾನಸಿಕ ಹಾನಿಯನ್ನೂ, ಬೆದರಿಕೆಯನ್ನೂ, ಸ್ವಾತಂತ್ರ್ಯ ಕಸಿದುಕೊಳ್ಳುವುದನ್ನೂ ಮಹಿಳೆಯರ ಮೇಲಿನ ಹಿಂಸೆಯೆಂದೇ ಪರಿಗಣಿಸುತ್ತದೆ. ಗಾಯ ಕಾಣದ ಕಾರಣ ಸುತ್ತಲಿನವರು ನಂಬುವುದಿಲ್ಲ, ಕ್ರಮೇಣ ಅನುಭವಿಸುವವಳೇ ತಪ್ಪು ತನ್ನದಿರಬೇಕೆಂದು ಭಾವಿಸತೊಡಗುತ್ತಾಳೆ. ನನಗೆ ಅತ್ಯಂತ ಕಳವಳ ತರುವುದು ಇದೇ. ನಿದ್ರಾಹೀನತೆ, ಖಿನ್ನತೆಗಳೂ ಜೊತೆಗೂಡಬಹುದು. ಏಕೆ ಬಿಟ್ಟು ಬರುವುದಿಲ್ಲ ಎಂದು ದಯವಿಟ್ಟು ಅವರನ್ನು ಕೇಳಬೇಡಿ, ಏಕೆಂದರೆ ಕೈಯಲ್ಲಿ ಹಣವಿಲ್ಲದಿರುವುದಷ್ಟೇ ಅಲ್ಲ, ಬಿಟ್ಟು ಹೊರಡುವ ಹೊತ್ತಿನಲ್ಲೇ ಅಪಾಯ ಹೆಚ್ಚುವುದುಂಟು. ಅವರ ಮಾತನ್ನು ನಂಬಿ. ಫೋನಿನಲ್ಲಿ ಏನನ್ನೂ ಬರೆಯದೆ, ಎದುರು ಕುಳಿತೇ ಮಾತನಾಡಿ.