ಕಚೇರಿ ಮನೆಯವರೆಗೂ ಹಿಂಬಾಲಿಸಿದಾಗ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕ್ ಅಧಿಕಾರಿ, ಸಾಲ ವಸೂಲಾತಿಯ ಹೊಣೆ ನನ್ನದು. ಮಗಳು ಶಾಲೆಯ ಸುದ್ದಿ ಹೇಳುವಾಗ ‘ಹ್ಞೂಂ’ ಎನ್ನುತ್ತಲೇ ಕಚೇರಿಯ ವಾಟ್ಸ್ಆ್ಯಪ್ ಗುಂಪು ನೋಡುತ್ತಿರುತ್ತೇನೆ. ಮೇಲಧಿಕಾರಿ ರಾತ್ರಿ ಹತ್ತಕ್ಕೂ ಅಲ್ಲಿ ಗುರಿಯ ಲೆಕ್ಕ ಕೇಳುತ್ತಾರೆ. ನಿದ್ದೆಯೂ ಸರಿಯಾಗಿಲ್ಲ. ರಾತ್ರಿ ಧ್ಯಾನಕ್ಕೆ ಕುಳಿತರೆ ಬಾಕಿದಾರರ ಪಟ್ಟಿಯೇ ಕಣ್ಣೆದುರು ಬರುತ್ತದೆ. ಧ್ಯಾನ ನನಗೆ ಒಗ್ಗುವುದಿಲ್ಲವೇ? ಕೆಲಸ ಬಿಡಲೇ?

ಉತ್ತರ: ಧ್ಯಾನದಲ್ಲಿ ಕಚೇರಿ ನೆನಪಾಗುವುದನ್ನು ನೀವು ಸೋಲೆಂದು ಎಣಿಸಿದ್ದೀರಿ. ಬೌದ್ಧ ಧ್ಯಾನಪದ್ಧತಿಯ ಆಧಾರದ ಮೇಲೆ ಜಾನ್ ಕಬಟ್-ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ, ಒತ್ತಡ ತಗ್ಗಿಸುವ ಧ್ಯಾನ ತರಬೇತಿಗೆ ಮೊದಮೊದಲು ಬಂದವರಲ್ಲಿ ಬಹಳಷ್ಟು ಮಂದಿ ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದವರು. ನೋವು ಮಾಯವಾಗುತ್ತದೆಂದು ಅವರಿಗೆ ಹೇಳಲಿಲ್ಲ, ಅದನ್ನು ಗಮನಿಸುವ ಬಗೆಯನ್ನು ಕಲಿಸಲಾಯಿತು. ಹಾಗೆಯೇ, ಪಟ್ಟಿ ನೆನಪಾಯಿತೆಂದು ತಿಳಿದು, ತಮ್ಮನ್ನು ತಾವು ಬೈದುಕೊಳ್ಳದೆ ಉಸಿರಿಗೆ ಮರಳುವುದೇ ಅಭ್ಯಾಸ. ಅದು ನೂರು ಸಲ ಬಂದರೆ ನೂರು ಸಲ ಮರಳಬೇಕು.

ಆದರೆ ನೀವು ಆರಿಸಿಕೊಂಡ ಹೊತ್ತು ಸರಿಯಿಲ್ಲ. ದಿನವಿಡೀ ತುಂಬಿಕೊಂಡದ್ದನ್ನು ಮಲಗುವ ಮುನ್ನ ಇಳಿಸಲು ಹೊರಟರೆ ಯಾರಿಗಾದರೂ ಕಷ್ಟವೇ. ಕಚೇರಿಯ ಕೊನೆಯ ಹತ್ತು ನಿಮಿಷಗಳಲ್ಲಿ, ನಾಳೆ ಯಾರಿಗೆ ಎಷ್ಟು ಗಂಟೆಗೆ ಫೋನ್ ಮಾಡಬೇಕು, ಯಾವ ಕಡತ ಮೊದಲು ತೆಗೆಯಬೇಕು ಎಂಬುದನ್ನು ಕೈಯಿಂದ ಬರೆದಿಟ್ಟು ಹೊರಡಿ. ಮುಗಿಯದ ಕೆಲಸಕ್ಕೆ ಸ್ಪಷ್ಟ ಯೋಜನೆ ಹಾಕಿಕೊಂಡರೆ ಅದರ ಕಾಟ ತಗ್ಗುತ್ತದೆಂದು ಮನೋವಿಜ್ಞಾನಿಗಳಾದ ಮಸಿಕಾಂಪೊ ಮತ್ತು ಬೌಮೈಸ್ಟರ್ ಅವರ 2011ರ ಅಧ್ಯಯನ ತೋರಿಸಿದೆ. ಮನೆಯ ಗೇಟಿನ ಬಳಿ ಗಾಡಿ ನಿಲ್ಲಿಸಿದ ಮೇಲೆ, ಕೀಲಿ ಕೈಯಲ್ಲಿರುವಾಗಲೇ, ನಾಲ್ಕಾರು ಉಸಿರು ಗಮನಿಸಿ ಒಳಗೆ ಹೋಗಿ. ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಗಳ ಮುಖ ನೋಡುತ್ತಾ ಕೇಳಿ. ನಡುವೆ ಮನಸ್ಸು ಜಾರಿತೆಂದು ಗೊತ್ತಾದರೆ ‘ಹ್ಞೂಂ’ ಎಂದು ತಪ್ಪಿಸಿಕೊಳ್ಳದೆ, ‘ಪುಟ್ಟಾ, ಇನ್ನೊಮ್ಮೆ ಹೇಳು’ ಎನ್ನಿ. ಕಣ್ಣುಮುಚ್ಚಿ ಕೂರುವುದಕ್ಕಿಂತ ನಿಮಗೆ ಈಗ ಬೇಕಾದ ಧ್ಯಾನ ಇದೇ ಎಂಬುದು ನನ್ನ ಅನಿಸಿಕೆ.

ರಾತ್ರಿ ಹತ್ತಕ್ಕೆ ಗುರಿಯ ಲೆಕ್ಕ ಕೇಳುವ ಮೇಲಧಿಕಾರಿಯ ಅಭ್ಯಾಸವನ್ನು ಮಾತ್ರ ನಿಮ್ಮ ಉಸಿರಾಟ ಸರಿಪಡಿಸಲಾರದು, ಆ ಹೊರೆಯನ್ನು ಧ್ಯಾನದ ಮೇಲೆ ಹೊರಿಸಲೂಬಾರದು. ಫ್ರಾನ್ಸ್‌ನಲ್ಲಿ ಕೆಲಸದ ವೇಳೆಯಾಚೆ ಸಂಪರ್ಕದಿಂದ ದೂರವಿರುವ ಹಕ್ಕಿನ ಕಾನೂನು 2017ರಲ್ಲೇ ಜಾರಿಗೆ ಬಂದಿದೆ. ನಮ್ಮಲ್ಲಿ ಅದಿಲ್ಲದಿರುವುದರಿಂದ, ತುರ್ತಿದ್ದರೆ ಕರೆ ಮಾಡಿ, ಉಳಿದ ಸಂದೇಶಗಳಿಗೆ ಬೆಳಿಗ್ಗೆ ಉತ್ತರಿಸುತ್ತೇನೆ ಎಂದು ನೀವೇ ವಿನಯದಿಂದ ತಿಳಿಸಬೇಕಾಗುತ್ತದೆ.

ರಾಜೀನಾಮೆಯ ಯೋಚನೆಯನ್ನು ಮಾರ್ಚ್ 31ರ ಲೆಕ್ಕದ ಗಡಿಬಿಡಿಯಲ್ಲಿ ಮಾಡಬೇಡಿ. ನಿದ್ದೆಯ ತೊಂದರೆ ಹೀಗೇ ಮುಂದುವರಿದರೆ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.