ತೋಟಕ್ಕೆ ಇಳಿಯುವ ಮಂಗಗಳನ್ನು ಓಡಿಸಲು 15 ವರ್ಷದ ಮಗನ ಕೈಗೆ ಏರ್ ಗನ್ ಕೊಡಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ತೀರ್ಥಹಳ್ಳಿ ತಾಲ್ಲೂಕಿನ ನಿಮ್ಮ ಅಡಿಕೆ ತೋಟಕ್ಕೆ ಮಂಗಗಳ ಹಿಂಡು ದಿನವೂ ಇಳಿಯುತ್ತಿದೆ. ಎಳೆಯಡಿಕೆಯನ್ನು ಚೀಪಿ ಉದುರಿಸುತ್ತಿದೆ, ಬಾಳೆಗೊನೆ ಕೈಗೆ ಸಿಗುತ್ತಿಲ್ಲ. ನಿಮ್ಮ ಭಾವ ಬೆಂಗಳೂರಿನಿಂದ ಒಂದು ಏರ್ ಗನ್ ತಂದುಕೊಟ್ಟು, ಇದಕ್ಕೆ ಲೈಸೆನ್ಸ್ ಬೇಡ ಎಂದು ಹೇಳಿ ಹೋಗಿದ್ದಾರೆ. ಶಾಲೆ ಮುಗಿಸಿ ಬರುವ ಮಗ ಅದನ್ನು ಹಿಡಿದು ಒಬ್ಬನೇ ತೋಟ ಕಾಯಬಹುದೇ, ಪಕ್ಕದ ಸೊಪ್ಪಿನಬೆಟ್ಟಕ್ಕೆ ಒಯ್ಯಬಹುದೇ, ಪೇಟೆಯ ಗೆಳೆಯನ ಮನೆಗೆ ಕೊಂಡೊಯ್ಯಬಹುದೇ ಎಂದು ಕೇಳಿದ್ದೀರಿ. 14 ವರ್ಷ ತುಂಬಿದ ಹುಡುಗರು ಸ್ವಂತ ಜಮೀನಿನಲ್ಲಿ ಒಬ್ಬರೇ ಬಳಸಬಹುದು ಎಂದು ಎಲ್ಲೋ ಓದಿದ್ದಾಗಿಯೂ ಬರೆದಿದ್ದೀರಿ.

ಮೂರಕ್ಕೂ ನನ್ನ ಉತ್ತರ, ಕೂಡದು. ನಾನು ಶಿವಮೊಗ್ಗದಲ್ಲಿ ವಕೀಲಿಕೆ ಮಾಡುವವನು. ನಮ್ಮ ಮನೆಯದೂ ಅಡಿಕೆ ತೋಟವೇ ಆದ್ದರಿಂದ ಮಂಗನ ಕಾಟ ಏನೆಂದು ಯಾರೂ ನನಗೆ ವಿವರಿಸಬೇಕಾಗಿಲ್ಲ. ಆ ಸಂಕಟ ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇನೆ.

ಲೈಸೆನ್ಸ್ ಬೇಡ ಎಂಬ ಮಾತಿನಿಂದಲೇ ಶುರುಮಾಡೋಣ, ಏಕೆಂದರೆ ನಮ್ಮ ಕಡೆ ಎಲ್ಲ ತಪ್ಪು ತಿಳಿವಳಿಕೆಗೂ ಅದೇ ಮೂಲ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಂದೂಕನ್ನು ವ್ಯಾಖ್ಯಾನಿಸುವಾಗ ಸಿಡಿಮದ್ದಿನಿಂದ ಗುಂಡು ಹಾರಿಸುವ ಆಯುಧವನ್ನಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಬೇರೆ ಯಾವುದೇ ಬಗೆಯ ಶಕ್ತಿಯಿಂದ ಹಾರಿಸುವಂಥದ್ದನ್ನೂ ಸೇರಿಸುತ್ತದೆ. ಅದುಮಿದ ಗಾಳಿಯೂ ಅಂಥ ಒಂದು ಶಕ್ತಿಯೇ. ಅಂದರೆ ಏರ್ ಗನ್ ಕಾನೂನಿನ ಕಣ್ಣಿನಲ್ಲಿ ಆಟಿಕೆಯಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಸಣ್ಣ ಏರ್ ಗನ್ನುಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿವೆ, ಅದು ನಿಜ. ಆದರೆ ನಳಿಕೆಯ ಒಳ ವ್ಯಾಸ 4.5 ಮಿಲಿಮೀಟರ್ ಮೀರಬಾರದು ಮತ್ತು ನಳಿಕೆಯ ಬಾಯಿಂದ ಹೊರಡುವ ಛರೆಯ, ಅಂದರೆ ಏರ್ ಗನ್ನಿನ ಸಣ್ಣ ಗುಂಡಿನ, ಶಕ್ತಿ 20 ಜೂಲ್ ದಾಟಬಾರದು. ಈ ಎರಡರಲ್ಲಿ ಒಂದು ಮೀರಿದರೂ ಅದು ಪರವಾನಗಿ ಬೇಕಾದ ಆಯುಧ. ಅರ್ಧ ಗ್ರಾಂ ತೂಕದ ಛರೆ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೂಲ್. ಅದೇ ಛರೆಯ ವೇಗ 280 ಮೀಟರ್ ದಾಟುತ್ತಿದ್ದಂತೆ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಮೊದಲು ಭಾವನವರಿಂದ ರಸೀದಿ ಮತ್ತು ಪೆಟ್ಟಿಗೆಯನ್ನು ತರಿಸಿಕೊಂಡು, ವ್ಯಾಸವೆಷ್ಟು, ಶಕ್ತಿಯೆಷ್ಟು ಎಂದು ಓದಿ ನೋಡಿ. 5.5 ಮಿಲಿಮೀಟರಿನದಾಗಿದ್ದರೆ ಅದನ್ನು ಪರವಾನಗಿಯಿಲ್ಲದೆ ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ಹೊಡೆತ ಜೋರಾಗಲಿ ಎಂದು ಗಟ್ಟಿ ಸ್ಪ್ರಿಂಗ್ ಹಾಕಿಸುವ ಪದ್ಧತಿಯೊಂದು ಹುಡುಗರಲ್ಲಿ ಇದೆ. ಹಾಗೆ ಮಾಡಿ 20 ಜೂಲ್ ದಾಟಿಸಿದರೆ ಅಂಗಡಿಯಲ್ಲಿ ಸರಿಯಾಗಿದ್ದ ಏರ್ ಗನ್ ನಿಮ್ಮ ಮನೆಯಲ್ಲಿ ಅಕ್ರಮ ಬಂದೂಕಾಗುತ್ತದೆ.

ಕೊಡಗಿನವರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುತ್ತಾರಲ್ಲ, ನಾವೂ ಮಲೆನಾಡಿನವರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೆ ಮಾತ್ರ ಸೇರಿದ್ದು. ಶಿವಮೊಗ್ಗ, ಚಿಕ್ಕಮಗಳೂರಿನವರಿಗೆ ಅದರಿಂದ ಏನೂ ಇಲ್ಲ.

ಆಯುಧಕ್ಕೆ ಪರವಾನಗಿ ಬೇಡವೆಂದಾದರೆ ಅದನ್ನು ಯಾರು ಬೇಕಾದರೂ ಹಿಡಿಯಬಹುದು ಎಂದು ಅರ್ಥವಾಗುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ 21 ವರ್ಷ ತುಂಬದವರು ಬಂದೂಕನ್ನು ಪಡೆಯುವುದನ್ನೂ, ಇಟ್ಟುಕೊಳ್ಳುವುದನ್ನೂ, ಒಯ್ಯುವುದನ್ನೂ ನಿಷೇಧಿಸುತ್ತದೆ. ಮೊದಲು ಈ ವಯಸ್ಸು 16 ಇತ್ತು. 1983ರ ತಿದ್ದುಪಡಿಯಲ್ಲಿ 21ಕ್ಕೆ ಏರಿತು. ಅಂಥವರಿಗೆ ಬಂದೂಕು ಮಾರುವುದನ್ನು, ವರ್ಗಾಯಿಸುವುದನ್ನು ಅದೇ ಕಲಂ ತಡೆಯುತ್ತದೆ. ಪರವಾನಗಿಯ ವಿನಾಯಿತಿಯನ್ನೇ ವಯಸ್ಸಿನ ವಿನಾಯಿತಿ ಎಂದು ಓದಿಕೊಂಡು, ಸಣ್ಣ ಏರ್ ಗನ್ನಿಗೆ 9ನೇ ಕಲಂ ತಗಲುವುದಿಲ್ಲ ಎಂದು ವಾದಿಸುವವರು ಇದ್ದಾರೆ. ನಾನು ಹಾಗೆ ಓದುವುದಿಲ್ಲ, ಮತ್ತು ನಿಮ್ಮ ಮಗನ ಮೇಲೆ ಆ ವಾದವನ್ನು ಪರೀಕ್ಷಿಸಿ ನೋಡುವುದು ಬೇಡ ಎನ್ನುತ್ತೇನೆ. ಅಪ್ರಾಪ್ತರಿಗೆಂದೇ ಕಾನೂನು ಬೇರೆ ದಾರಿಯೊಂದನ್ನು ತೆರೆದಿಟ್ಟಿರುವಾಗ ಈ ಕಿಟಕಿಯಿಂದ ನುಸುಳುವ ಅಗತ್ಯವೇ ಇಲ್ಲ.

ಆ ದಾರಿ ತರಬೇತಿಯದು. 9ನೇ ಕಲಮಿನ ಎರಡನೆಯ ಉಪಕಲಂ, ನಿಗದಿತ ವಯಸ್ಸು ತುಂಬಿದ ಕಿರಿಯರು ನಿಗದಿತ ಷರತ್ತುಗಳಿಗೆ ಒಳಪಟ್ಟು ತರಬೇತಿಯ ಅಂಗವಾಗಿ ಬಂದೂಕು ಬಳಸಲು ಅವಕಾಶ ಕೊಡುತ್ತದೆ. 2016ರ ನಿಯಮಗಳು 12 ವರ್ಷ ತುಂಬಿ 21 ತುಂಬದ ಗುರಿಕಾರರನ್ನು ಕಿರಿಯ ಗುರಿಕಾರರೆಂದು ಪ್ರತ್ಯೇಕವಾಗಿ ಗುರುತಿಸುತ್ತವೆ. ಇಲ್ಲಿ ಮುಖ್ಯವಾದದ್ದು ಮೇಲ್ವಿಚಾರಣೆ. ಹುಡುಗನ ಪಕ್ಕದಲ್ಲಿ ಹೊಣೆ ಹೊತ್ತ ಹಿರಿಯರೊಬ್ಬರು ಇರಬೇಕು, ಹಾರಿದ ಛರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಮೊದಲೇ ತಿಳಿದಿರಬೇಕು. ಸಂಜೆ ಹೊತ್ತು ಒಬ್ಬನೇ ತೋಟದಲ್ಲಿ ತಿರುಗುವುದು ಯಾವ ಅರ್ಥದಲ್ಲೂ ತರಬೇತಿಯಲ್ಲ.

ನೀವು ಓದಿದ 14 ವರ್ಷದ ನಿಯಮ ಇಂಗ್ಲೆಂಡಿನದು. ಅಲ್ಲಿ 14ರಿಂದ 17 ವರ್ಷದವರು ಜಮೀನಿನ ಒಡೆಯರ ಒಪ್ಪಿಗೆಯಿದ್ದರೆ ಖಾಸಗಿ ಜಾಗದಲ್ಲಿ ಹಿರಿಯರಿಲ್ಲದೆ ಏರ್ ಗನ್ ಬಳಸಬಹುದು. 14 ತುಂಬದವರ ಜತೆ ಕನಿಷ್ಠ 21 ವರ್ಷದವರು ಇರಬೇಕು. 18 ತುಂಬದವರು ಕೊಳ್ಳುವಂತಿಲ್ಲ. ಒಂದೇ ದೇಶದೊಳಗಿನ ಸ್ಕಾಟ್‌ಲೆಂಡಿನಲ್ಲಿ ಅಷ್ಟೂ ಸಡಿಲವಿಲ್ಲ. 2016ರ ಕೊನೆಯಿಂದ ಅಲ್ಲಿ ಏರ್ ಗನ್ನಿಗೂ ಪ್ರಮಾಣಪತ್ರ ಬೇಕು. ಆ ದೇಶದ ವಯಸ್ಸನ್ನು ಈ ದೇಶದ ತೋಟಕ್ಕೆ ತಂದು ಹೊಂದಿಸಿಕೊಳ್ಳಲು ಬರುವುದಿಲ್ಲ.

ಈಗ ಸೊಪ್ಪಿನಬೆಟ್ಟದ ವಿಷಯ. ಬೆಟ್ಟ ನಮ್ಮದು ಎಂದು ಬಾಯಿಮಾತಿನಲ್ಲಿ ಹೇಳುತ್ತೇವೆಯೇ ಹೊರತು, ನಮಗಿರುವುದು ತೋಟಕ್ಕೆ ಸೊಪ್ಪು, ದರಗು ತರುವ ಸವಲತ್ತು ಮಾತ್ರ. ಸ್ವಂತ ಜಮೀನು ಎಂಬ ಸಮಾಧಾನವೂ ಅಲ್ಲಿ ಇಲ್ಲ. ಜೊತೆಗೆ ನಮ್ಮ ಜಿಲ್ಲೆಯ ನಕ್ಷೆಯನ್ನೊಮ್ಮೆ ನೋಡಿ: ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಸೊರಬದ ಗುಡವಿ, ಆಗುಂಬೆಯಿಂದ ಘಟ್ಟ ಇಳಿದರೆ ಸೋಮೇಶ್ವರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಯಾವ ಆಯುಧವನ್ನೂ ಒಯ್ಯುವಂತಿಲ್ಲ, ಮತ್ತು ಆ ಕಾಯ್ದೆಯಲ್ಲಿ ಆಯುಧವೆಂದರೆ ಪ್ರಾಣಿಯನ್ನು ಗಾಯಗೊಳಿಸಬಲ್ಲ ಯಾವುದೇ ಸಾಧನ. ಬಲೆ, ಉರುಳು, ಚಾಕು ಕೂಡ ಆ ಪಟ್ಟಿಯಲ್ಲಿವೆ. 34ನೇ ಕಲಂ ಇನ್ನೂ ಮುಂದೆ ಹೋಗಿ, ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರಿನೊಳಗೆ ವಾಸಿಸುವವರಲ್ಲಿ ಬಂದೂಕಿನ ಪರವಾನಗಿ ಇರುವವರು ಮಾತ್ರವಲ್ಲ, ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಪಡೆದು ಆಯುಧ ಇಟ್ಟುಕೊಂಡವರೂ ಹೆಸರು ನೋಂದಾಯಿಸಬೇಕು ಎನ್ನುತ್ತದೆ. ವಿನಾಯಿತಿಯ ಆಯುಧ ಎಂದು ನಿಶ್ಚಿಂತೆಯಿಂದಿರುವ ಎಷ್ಟೋ ಮನೆಗಳವರು ಈ ಸಾಲನ್ನು ಓದಿಯೇ ಇಲ್ಲ. ನಿಮ್ಮ ಊರು ಯಾವ ಗಡಿಯಿಂದ ಎಷ್ಟು ದೂರದಲ್ಲಿದೆ ಎಂದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಪೇಟೆಗೆ ಒಯ್ಯುವುದನ್ನು ಬಿಟ್ಟೇಬಿಡಿ. ಶಿವಮೊಗ್ಗದಲ್ಲಿ ನಿಷೇಧಾಜ್ಞೆ ಹೊಸತಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ ಆಯುಧ ಹಿಡಿದು ತಿರುಗಬಾರದೆಂಬ ಆಜ್ಞೆ ಜಾರಿಯಲ್ಲಿರುವ ದಿನ, ಹುಡುಗನ ಬೆನ್ನಿಗಿರುವ ಉದ್ದನೆಯ ಚೀಲದಲ್ಲಿರುವುದು ಕೋವಿಯೋ ಏರ್ ಗನ್ನೋ ಎಂದು ದೂರದಿಂದ ಯಾರಿಗೂ ತಿಳಿಯುವುದಿಲ್ಲ. ಹೆದರಿದ ಜನ ಏನು ಮಾಡಿಯಾರು ಎಂಬುದೇ ನನಗೆ ಕಾನೂನಿಗಿಂತ ಹೆಚ್ಚಿನ ಚಿಂತೆ.

ಇಷ್ಟೆಲ್ಲ ಹೇಳಿದರೂ, ನಿಮ್ಮ ಮನೆಯ ಪಾಲಿಗೆ ನಿಜವಾದ ಗಂಡಾಂತರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿಲ್ಲ. ಗುರಿ ಹಿಡಿಯುವ ಪ್ರಾಣಿಯಲ್ಲಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ನಮ್ಮ ತೋಟಕ್ಕೆ ಬರುವ ಸಾಮಾನ್ಯ ಮಂಗವೂ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಅಂದರೆ ಹುಲಿ, ಆನೆ, ಸಿಂಗಳೀಕ, ನವಿಲುಗಳ ಸಾಲಿನಲ್ಲಿ. ಕಾಡುಹಂದಿ ಮತ್ತು ಬಹುಪಾಲು ಹಕ್ಕಿಗಳು ಎರಡನೆಯ ಅನುಸೂಚಿಯಲ್ಲಿವೆ. ಬೇಟೆ ಎಂಬ ಪದಕ್ಕೆ ಆ ಕಾಯ್ದೆ ಕೊಡುವ ಅರ್ಥದಲ್ಲಿ ಕೊಲ್ಲುವುದು ಮಾತ್ರವಲ್ಲದೆ ಗಾಯಗೊಳಿಸುವುದೂ, ಕೊಲ್ಲಲು ಮಾಡಿದ ಪ್ರಯತ್ನವೂ ಸೇರಿವೆ. ಸಾಯಿಸಲಿಲ್ಲ, ಬರೀ ಹೆದರಿಸಿದೆ ಎಂಬ ಸಮಜಾಯಿಷಿ ಛರೆ ಮೈಗೆ ತಾಗಿದ ಮೇಲೆ ನಿಲ್ಲುವುದಿಲ್ಲ. ಮೊದಲ ಅನುಸೂಚಿಯ ಪ್ರಾಣಿಯ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಎರಡನೆಯ ಅನುಸೂಚಿಯ ಪ್ರಾಣಿ ಬೆಳೆಗೆ ಅಪಾಯಕಾರಿಯಾಗಿದ್ದರೆ ಅಧಿಕಾರಿಯ ಲಿಖಿತ ಅನುಮತಿಯೊಂದಿಗೆ ಕೊಲ್ಲಲು 11ನೇ ಕಲಮಿನಲ್ಲಿ ಎಡೆಯಿದೆ. ಮೊದಲ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಬೆಳೆನಷ್ಟ ಒಂದು ಕಾರಣವೇ ಅಲ್ಲ. ಅಲ್ಲಿ ಮನುಷ್ಯರ ಜೀವಕ್ಕೆ ಅಪಾಯವಾಗಬೇಕು, ಅಥವಾ ಪ್ರಾಣಿ ಚೇತರಿಸಿಕೊಳ್ಳಲಾರದಷ್ಟು ರೋಗಗ್ರಸ್ತವೋ ಊನವೋ ಆಗಿರಬೇಕು, ಮತ್ತು ಮುಖ್ಯ ವನ್ಯಜೀವಿ ಪರಿಪಾಲಕರೇ ಲಿಖಿತವಾಗಿ ಅನುಮತಿಸಬೇಕು. ಬೆಳೆಗಾರನಾಗಿ ಈ ಕಾನೂನು ನನಗೆ ಕಠಿಣವೆನಿಸುತ್ತದೆ, ಬದಲಾಗಬೇಕೆಂದೂ ಅನಿಸುತ್ತದೆ. ಆದರೆ ಅದು ಬದಲಾಗುವವರೆಗೆ ಅದರ ಭಾರ 15 ವರ್ಷದ ಹುಡುಗನ ಹೆಗಲಿಗೆ ಬೀಳಬಾರದು.

ಹುಡುಗ ಅಪ್ರಾಪ್ತನಲ್ಲವೇ, ಅವನಿಗೇನು ಆಗುತ್ತದೆ ಎಂದು ಕೇಳಬಹುದು. 18 ತುಂಬದವನ ಪ್ರಕರಣ 2015ರ ಬಾಲನ್ಯಾಯ ಕಾಯ್ದೆಯಂತೆ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ, ಅವನನ್ನು ಜೈಲಿಗೆ ಕಳಿಸುವುದಿಲ್ಲ. ಆದರೆ ಆಯುಧವನ್ನು ಕೈಗೆ ಕೊಟ್ಟು ಮಂಗ ಓಡಿಸಿ ಬಾ ಎಂದವರು ಯಾರು? ವನ್ಯಜೀವಿ ಕಾಯ್ದೆಯ 52ನೇ ಕಲಂ ಪ್ರಕಾರ ಪ್ರಚೋದಿಸಿದವರು ಸ್ವತಃ ಅಪರಾಧ ಮಾಡಿದವರಿಗೆ ಸಮ. ಆ ಪ್ರಕರಣ ನಿಮ್ಮ ಮೇಲೆ, ವಯಸ್ಕರ ನ್ಯಾಯಾಲಯದಲ್ಲಿ ನಡೆಯುತ್ತದೆ.

ಇನ್ನೊಂದು ಮಾತು ನಮ್ಮ ಜಿಲ್ಲೆಗೇ ಸೇರಿದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಚಳಿಗಾಲದಿಂದ ಬೇಸಿಗೆಯವರೆಗಿನ ತಿಂಗಳುಗಳಲ್ಲಿ ನಮ್ಮನ್ನು ಕಾಡುತ್ತಿದೆ. ಸೋಂಕು ತಗಲಿದ ಮಂಗ ಅಥವಾ ಮುಸಿಯ (ಕರಿಮುಖದ ಕೋತಿ) ಸತ್ತಾಗ ಅದರ ಮೈಮೇಲಿನ, ರೋಗ ಹರಡುವ ಉಣುಗುಗಳು ಸುತ್ತಲಿನ ನೆಲಕ್ಕೆ ಉದುರುತ್ತವೆ. ಗಾಯಗೊಂಡ ಮಂಗ ತೋಟದ ಮೂಲೆಯಲ್ಲೋ ಹಳ್ಳದ ಬದಿಯಲ್ಲೋ ಹೋಗಿ ಸಾಯುತ್ತದೆ. ಅದನ್ನು ಹುಡುಕಿ ಎಳೆದು ಹಾಕಲು ಹೋಗುವವನು ಅದೇ ಹುಡುಗ. ಸತ್ತ ಮಂಗ ಎಲ್ಲಿ ಕಂಡರೂ ಮುಟ್ಟದೆ ಆರೋಗ್ಯ ಇಲಾಖೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕೆಂಬುದನ್ನು ಅವನಿಗೆ ಇಂದೇ ಹೇಳಿ.

ತೋಟದಲ್ಲಿ ಮನುಷ್ಯರೂ ಇರುತ್ತಾರೆ. ಮಂಗ ಕೂರುವುದು ಮರದ ತಲೆಯಲ್ಲಿ, ಆದ್ದರಿಂದ ಗುರಿ ಯಾವಾಗಲೂ ಆಕಾಶದ ಕಡೆಗೇ. ತಪ್ಪಿದ ಛರೆ ನೂರಾರು ಮೀಟರ್ ಸಾಗಿ ಎಲ್ಲೋ ಇಳಿಯುತ್ತದೆ. ಕೊಯ್ಲಿನ ಕಾಲದಲ್ಲಿ ಆಚೆ ತೋಟದ ಮರದ ಮೇಲೆ ಅಡಿಕೆ ಗೊನೆ ಇಳಿಸುವ ಕೊನೆಗೌಡನಿರುತ್ತಾನೆ, ಔಷಧಿ ಹೊಡೆಯುವ ಕಾಲದಲ್ಲಿ ಇನ್ನೊಬ್ಬನಿರುತ್ತಾನೆ. ಗಟ್ಟಿ ಮರಕ್ಕೆ ತಾಗಿದ ಛರೆ ಹಿಂದಕ್ಕೂ ಪುಟಿಯುತ್ತದೆ. ಏರ್ ಗನ್ನಿನ ಛರೆ ಕಣ್ಣಿಗೆ ತಾಗಿದರೆ ಆ ಕಣ್ಣು ಹೋದಂತೆಯೇ ಎಂದು ತಿಳಿಯಿರಿ. ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ, ಅಜಾಗರೂಕತೆಯಿಂದ ಇತರರ ಸುರಕ್ಷತೆಗೆ ಅಪಾಯ ತಂದರೆ ಯಾರಿಗೂ ಗಾಯವಾಗದಿದ್ದರೂ 3 ತಿಂಗಳವರೆಗೆ, ತೀವ್ರ ಗಾಯವಾದರೆ 3 ವರ್ಷದವರೆಗೆ ಶಿಕ್ಷೆಯಿದೆ. ನೆರೆಯವರ ದನಕ್ಕೋ ನಾಯಿಗೋ ಊನವಾದರೆ 325ನೇ ಕಲಂ ಬೇರೆಯೇ ಇದೆ, ಅದರಲ್ಲಿ ಶಿಕ್ಷೆ 5 ವರ್ಷದವರೆಗೆ ಹೋಗುತ್ತದೆ.

ಮಗನಿಗೆ ಗುರಿಯ ಮೇಲೆ ನಿಜವಾದ ಆಸೆ ಇದ್ದರೆ ಅದನ್ನು ಚಿವುಟಬೇಡಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಅಭಿನವ್ ಬಿಂದ್ರಾ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲಿ. 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದಾಗ ಅವರಿಗೆ ಇನ್ನೂ 18 ತುಂಬಿರಲಿಲ್ಲ. 2012ರಲ್ಲಿ ಗಗನ್ ನಾರಂಗ್ ಅದೇ ಸ್ಪರ್ಧೆಯಲ್ಲಿ ಕಂಚು ತಂದರು. ಆ ಆಟದಲ್ಲಿ ಹತ್ತು ಅಂಕದ ಚುಕ್ಕೆಯ ಅಡ್ಡಳತೆ ಅರ್ಧ ಮಿಲಿಮೀಟರ್. ಅದನ್ನು ಕಲಿಸುವುದು ಉಸಿರಿನ ಮೇಲಿನ ಹಿಡಿತ, ನಿಂತ ನಿಲುವು, ಆಜ್ಞೆಯಿಲ್ಲದೆ ಬೆರಳು ಬಂದೂಕಿನ ಕುದುರೆಯ (ಟ್ರಿಗರ್) ಮೇಲೆ ಹೋಗಬಾರದೆಂಬ ಶಿಸ್ತು. ಮರದಲ್ಲಿ ನೆಗೆಯುವ ಮಂಗನ ಹಿಂದೆ ಓಡಿ ಕಲಿಯುವಂಥದ್ದು ಅದರಲ್ಲಿ ಏನೂ ಇಲ್ಲ. ಅವನ ಶಾಲೆಯಲ್ಲಿ ಎನ್‌ಸಿಸಿ ಇದ್ದರೆ ಅಲ್ಲಿಂದ ಆರಂಭಿಸಿ. ಮುಂದುವರಿಯುವ ಮನಸ್ಸಿದ್ದರೆ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯನ್ನು ಸಂಪರ್ಕಿಸಿ, ಮಾನ್ಯತೆ ಪಡೆದ ಶೂಟಿಂಗ್ ರೇಂಜಿಗೆ ನೀವೇ ಜತೆಗೆ ಹೋಗಿ ಸೇರಿಸಿ.

ಮನೆಯಲ್ಲಿರುವ ಏರ್ ಗನ್ 4.5 ಮಿಲಿಮೀಟರ್ ಮತ್ತು 20 ಜೂಲಿನ ಮಿತಿಯೊಳಗೇ ಇದ್ದರೆ, ರಸೀದಿ ನಿಮ್ಮ ಅಥವಾ ಭಾವನವರ ಹೆಸರಿನಲ್ಲಿದ್ದರೆ, ಅದನ್ನು ಬೀಗವಿರುವ ಕಪಾಟಿನಲ್ಲಿಟ್ಟು ಛರೆಯ ಡಬ್ಬಿಯನ್ನು ಬೇರೆ ಕಡೆ ಇಡಿ, ಬೀಗದ ಕೈ ನಿಮ್ಮ ಬಳಿಯೇ ಇರಲಿ. ಮಿತಿ ಮೀರಿದ್ದಾಗಿ ಕಂಡುಬಂದರೆ ಬೇರೆಯವರಿಗೆ ಮಾರುವುದಾಗಲಿ ಕೊಡುವುದಾಗಲಿ ಮಾಡದೆ, ವಕೀಲರೊಬ್ಬರನ್ನು ಜತೆಗೆ ಕರೆದುಕೊಂಡು ಠಾಣೆಗೆ ಹೋಗಿ ಲಿಖಿತ ಸ್ವೀಕೃತಿ ಪಡೆದು ಒಪ್ಪಿಸಿ. ಮಂಗಗಳಿಂದಾದ ಬೆಳೆನಷ್ಟಕ್ಕೆ ಫೋಟೊ, ಪಹಣಿ ಸಮೇತ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟು ಅದರ ಸ್ವೀಕೃತಿಯನ್ನೂ ತೆಗೆದಿಟ್ಟುಕೊಳ್ಳಿ. ಅಕ್ಕಪಕ್ಕದ ತೋಟದವರೂ ಒಟ್ಟಾಗಿ ಕೊಟ್ಟರೆ ಆ ಅರ್ಜಿಗೆ ತೂಕ ಹೆಚ್ಚು.